ತಪಸ್ಸು ಕಾಲದ ಓದು: ಮುಗಿಸುವ ಹಠ ಬಿಡಿ

ಪ್ರಶ್ನೆ: ನನ್ನ ತವರು ಗುಳೇದಗುಡ್ಡ, ನಾವು ಸಿಎಸ್‌ಐ ಎಂಬ ಪ್ರಾಟೆಸ್ಟಂಟ್ ಸಭೆಯವರು. ಮದುವೆಯಾಗಿ ಸೇರಿದ್ದು ಬೆಳಗಾವಿಯ ಕಥೋಲಿಕ ಮನೆ. ಪ್ರತಿ ವರ್ಷ ವಿಭೂತಿ ಬುಧವಾರ ಬಂದು, ಈಸ್ಟರ್‌ವರೆಗಿನ ಉಪವಾಸ ಪ್ರಾರ್ಥನೆಯ ತಪಸ್ಸು ಕಾಲ ಶುರುವಾಯಿತೆಂದರೆ, ಈ ಸಲವಾದರೂ ಸತ್ಯವೇದವನ್ನು, ಅಂದರೆ ಬೈಬಲನ್ನು, ಆದಿಕಾಂಡದಿಂದ ಹಿಡಿದು ಈಸ್ಟರ್ ಹಬ್ಬದೊಳಗೆ ಓದಿ ಮುಗಿಸಬೇಕೆಂದು ಕೂರುತ್ತೇನೆ. ವಿಮೋಚನಕಾಂಡ ಹೇಗೋ ದಾಟುತ್ತೇನೆ. ಯಾಜಕಕಾಂಡದ ಬಲಿಗಳ ವಿವರದಲ್ಲಿ ನಿಂತುಬಿಡುತ್ತೇನೆ. ಎರಡು ದಿನ ತಪ್ಪಿದರೆ ಬಾಕಿ ಬೆಳೆಯುತ್ತದೆ, ಆಮೇಲೆ ಪುಸ್ತಕ ಮುಟ್ಟಲೂ ಮನಸ್ಸಾಗುವುದಿಲ್ಲ. ಓದಿದ ದಿನವೂ ಒಳಗೆ ಏನೂ ತಟ್ಟಿದಂತಿರುವುದಿಲ್ಲ. ಅತ್ತೆಯವರಿಗೆ ಓದಲು ಬಾರದು, ಪಕ್ಕದಲ್ಲಿ ಕೂತು ಕೇಳುತ್ತಾರೆ. ಮಗಳು ಮೊಬೈಲ್‌ನಲ್ಲಿ ಇಂಗ್ಲಿಷಿನಲ್ಲಿ ಓದುತ್ತಾಳೆ. ತವರಿನ ಸತ್ಯವೇದ ಒಂದು, ಗಂಡನ ಮನೆಯದು ಇನ್ನೊಂದು. ಶುಭ ಶುಕ್ರವಾರ ಯಾವ ಚರ್ಚಿಗೆ ಎಂಬ ಜಗ್ಗಾಟ ಬೇರೆ. ಈ ಓದನ್ನು ಹೇಗೆ ನಡೆಸಿಕೊಂಡು ಹೋಗಲಿ?

ಉತ್ತರ: ಮೊದಲು ಲೆಕ್ಕ ಮುಗಿಸೋಣ. ನಿಮ್ಮ ತವರಿನ ಸತ್ಯವೇದದಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ರವಿವಾರಗಳೂ ಸೇರಿ 46 ದಿನ. ದಿನಕ್ಕೆ ಸುಮಾರು 26 ಅಧ್ಯಾಯಗಳಾದವು. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಮನೆಯವರನ್ನೆಲ್ಲ ಹೊರಡಿಸುವ ಯಾರಿಗೂ ಇದು ಆಗುಹೋಗುವ ಮಾತಲ್ಲ. ನೀವು ಯಾಜಕಕಾಂಡದಲ್ಲಿ ನಿಂತದ್ದಕ್ಕೆ ಭಕ್ತಿಯ ಕೊರತೆ ಕಾರಣವೆಂದು ನನಗನ್ನಿಸುವುದಿಲ್ಲ. ಇಡೀ ಸತ್ಯವೇದವನ್ನು ಓದುವ ಆಸೆ ಒಳ್ಳೆಯದೇ. ಅದನ್ನು ಮಳೆಗಾಲದಲ್ಲಿ ಶುರು ಮಾಡಿ ವರ್ಷವಿಡೀ ಹರಡಿಕೊಳ್ಳಿ. ತಪಸ್ಸು ಕಾಲದ ಓದು ಬೇರೆ ಜಾತಿಯದು, ಅದರ ಹದವೇ ಬೇರೆ.

ಅದು ಹೇಗೆ ಬೇರೆ ಎಂಬುದಕ್ಕೆ ಎರಡು ಹಳೆಯ ಸಾಕ್ಷಿಗಳಿವೆ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಜೇರಿಯಾ ಎಂಬ ಮಹಿಳೆ ಪಶ್ಚಿಮದ ದೂರದ ನಾಡಿನಿಂದ ಜೆರುಸಲೇಮಿಗೆ ಯಾತ್ರೆ ಹೋಗಿ, ಅಲ್ಲಿ ಕಂಡದ್ದನ್ನೆಲ್ಲ ತನ್ನ ಊರಿನ ಗೆಳತಿಯರಿಗೆ ಬರೆದಳು. ಪಾಸ್ಖದ (ಈಸ್ಟರ್) ಹಬ್ಬಕ್ಕೆ ದೀಕ್ಷಾಸ್ನಾನ ಪಡೆಯಲಿದ್ದವರನ್ನು ನಲವತ್ತು ದಿನ ಬೆಳಗ್ಗೆ ಬೆಳಗ್ಗೆ ಕೂರಿಸಿಕೊಂಡು, ಮೂರು ಗಂಟೆಗಳ ಕಾಲ ಅಲ್ಲಿನ ಧರ್ಮಾಧ್ಯಕ್ಷರು (ಬಿಷಪ್) ಆದಿಕಾಂಡದಿಂದ ಮೊದಲುಗೊಂಡು ಪವಿತ್ರ ಗ್ರಂಥವನ್ನು ವಿವರಿಸುತ್ತಿದ್ದರಂತೆ. ಗಮನಿಸಿ, ಆ ಜನರ ಕೈಯಲ್ಲಿ ಪುಸ್ತಕವಿರಲಿಲ್ಲ. ಅವರ ಕೆಲಸ ಕೇಳುವುದು. ಇನ್ನೊಂದು ಸ್ವಾರಸ್ಯವೂ ಇದೆ. ಧರ್ಮಾಧ್ಯಕ್ಷರು ಮಾತನಾಡುತ್ತಿದ್ದುದು ಗ್ರೀಕಿನಲ್ಲಿ. ಪಕ್ಕದಲ್ಲಿ ಒಬ್ಬ ಗುರು ನಿಂತು ಸಿರಿಯಾಕ್ ಭಾಷೆಗೆ ತಿರುಗಿಸುತ್ತಿದ್ದರು, ಲತೀನ್ ಮಾತ್ರ ಬಲ್ಲವರಿಗೆ ಬೇರೆಯವರು ಹೇಳಿಕೊಡುತ್ತಿದ್ದರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಓಣಿಯಲ್ಲಿ ಕಿವಿಗೆ ಬೀಳುವ ಬೆಳಗಾವಿಯವರಿಗೆ ಇದು ಹೊಸದೆನಿಸಲಾರದು. ನಿಮ್ಮ ಮನೆಯಲ್ಲಿ ಒಬ್ಬರು ಓದುವುದು, ಒಬ್ಬರು ಕೇಳುವುದು, ಒಬ್ಬಳು ಇನ್ನೊಂದು ಭಾಷೆಯಲ್ಲಿ ನೋಡಿಕೊಳ್ಳುವುದು ಕೊರತೆಯೆಂದು ನೀವು ಬರೆದಿದ್ದೀರಿ. ತಪಸ್ಸು ಕಾಲದ ಓದು ಮೊದಲಿನಿಂದ ನಡೆದುಬಂದದ್ದೇ ಹಾಗೆ.

ಎರಡನೆಯ ಸಾಕ್ಷಿ ಆರನೆಯ ಶತಮಾನದ ಸಂತ ಬೆನೆಡಿಕ್ಟರ ಮಠದ ನಿಯಮಾವಳಿ. ಅದರ 48ನೆಯ ಅಧ್ಯಾಯದಲ್ಲಿ, ತಪಸ್ಸು ಕಾಲದ ಆರಂಭಕ್ಕೆ ಪ್ರತಿಯೊಬ್ಬ ಸನ್ಯಾಸಿಗೂ ಒಂದು ಪುಸ್ತಕ ಕೊಡಬೇಕು, ಅವನು ಅದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಓದಬೇಕು ಎಂದಿದೆ. ಒಬ್ಬರಿಗೆ ಒಂದೇ ಪುಸ್ತಕ, ಅದೂ ಕೊಟ್ಟದ್ದು. ಹಿರಿಯ ಸನ್ಯಾಸಿಗಳು ಒಬ್ಬಿಬ್ಬರು ಓದಿನ ಹೊತ್ತಿನಲ್ಲಿ ಸುತ್ತಾಡಿ, ಯಾರಾದರೂ ಓದು ಬಿಟ್ಟು ಹರಟೆ ಹೊಡೆಯುತ್ತಿದ್ದಾರೆಯೇ ಎಂದು ನೋಡಬೇಕಿತ್ತು. ಸನ್ಯಾಸಿಗಳಿಗೂ ಕಾವಲು ಬೇಕಾಯಿತೆಂದ ಮೇಲೆ ಸಂಸಾರಸ್ಥರು ತಮ್ಮ ಚಂಚಲತೆಗೆ ಅಷ್ಟೊಂದು ನಾಚಬೇಕಾಗಿಲ್ಲ.

ಎರಡರಲ್ಲೂ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಒಂದೇ: ಓದುವ ಭಾಗವನ್ನು ಓದುವವರು ಆರಿಸಿಕೊಳ್ಳುತ್ತಿರಲಿಲ್ಲ. ಉಪವಾಸದಲ್ಲಿ ನಾಲಿಗೆಯ ಇಷ್ಟವನ್ನು ಬದಿಗಿಡುವ ಹಾಗೆ, ಓದಿನಲ್ಲಿಯೂ ನಮ್ಮ ಇಷ್ಟವನ್ನು ಬದಿಗಿಡುವುದು ತಪಸ್ಸಿನ ಭಾಗ. ನಮಗೆ ಬಿಟ್ಟರೆ ನಾವು 23ನೆಯ ಕೀರ್ತನೆಯನ್ನೇ ಮತ್ತೆ ಮತ್ತೆ ತೆರೆಯುತ್ತೇವೆ, ಇಲ್ಲವೇ ನಿಮ್ಮ ಹಾಗೆ ಇಡೀ ಗ್ರಂಥವನ್ನೇ ಮೈಮೇಲೆ ಎಳೆದುಕೊಳ್ಳುತ್ತೇವೆ. ಆದ್ದರಿಂದ ನಿಮ್ಮ ಗಂಡನ ಮನೆಯ ಚರ್ಚಿನಲ್ಲಿ ಪ್ರತಿದಿನದ ಪೂಜೆಗೆ ಗೊತ್ತುಮಾಡಿರುವ ವಾಚನಗಳನ್ನೇ ಹಿಡಿದುಕೊಳ್ಳಿ: ಒಂದು ಮೊದಲ ವಾಚನ, ಒಂದು ಕೀರ್ತನೆ, ಒಂದು ಶುಭಸಂದೇಶ (ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳ ಒಂದು ಭಾಗ). ರವಿವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ತಪಸ್ಸು ಕಾಲದ ವಾರದ ದಿನಗಳ ವಾಚನಗಳಾದರೋ ಪ್ರತಿ ವರ್ಷವೂ ಅವೇ. ಈ ವರ್ಷ ಎರಡನೆಯ ವಾರದ ಗುರುವಾರ ಯೇಸು ಹೇಳಿದ ಕತೆಯ ಧನಿಕನೂ ಭಿಕ್ಷುಕ ಲಾಜರನೂ ಬಂದರೆ ಮುಂದಿನ ವರ್ಷ ಅದೇ ಗುರುವಾರ ಅವರೇ ಬರುತ್ತಾರೆ. ಮೂರನೆಯ ವರ್ಷಕ್ಕೆ ನೀವು ಅವರನ್ನು ಎದುರು ನೋಡುತ್ತೀರಿ. ಇಷ್ಟು ಹೆಚ್ಚೆನಿಸಿದರೆ ಶುಭಸಂದೇಶವೊಂದನ್ನೇ ಓದಿ, ಅಡ್ಡಿಯಿಲ್ಲ.

ಈ ವಾಚನಗಳನ್ನು ಜೋಡಿಸಿದವರಿಗೆ ಸ್ವಲ್ಪ ತುಂಟತನವೂ ಇತ್ತೆಂದು ನನ್ನ ಗುಮಾನಿ. ವಿಭೂತಿ ಬುಧವಾರದ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಊರಿಗೆಲ್ಲ ತೋರಿಸಬೇಡ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಎಂದು ಯೇಸು ಹೇಳುವ ಭಾಗ. ಇದನ್ನು ಕೇಳಿದ ಮೇಲೆಯೇ ನಾವು ಸಾಲಾಗಿ ಹೋಗಿ, ಹಿಂದಿನ ವರ್ಷದ ಗರಿಗಳ ರವಿವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಂಡು ಬರುತ್ತೇವೆ! ಬೇರೆ ಊರುಗಳಲ್ಲಿ ಅದನ್ನು ಕಂಡು ಜನ ತಿರುಗಿ ನೋಡಿಯಾರು. ನಮ್ಮ ಕಡೆ ಆ ಚಿಂತೆ ಇಲ್ಲ. ಬಸ್ಸಿನಲ್ಲಿ ಅರ್ಧ ಜನರ ಹಣೆಯಲ್ಲಿ ವಿಭೂತಿ ಇರುವಾಗ ನಮ್ಮ ಬೂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಯೇಸುವಿನ ಮಾತನ್ನು ಪಾಲಿಸಲು ಉತ್ತರ ಕರ್ನಾಟಕದಷ್ಟು ಅನುಕೂಲದ ಜಾಗ ಇನ್ನೊಂದಿಲ್ಲವೇನೋ.

ಎರಡು ದಿನ ಕಳೆದು ಶುಕ್ರವಾರ ಮತ್ತು ಶನಿವಾರ ಯೆಶಾಯನ 58ನೆಯ ಅಧ್ಯಾಯ ಬರುತ್ತದೆ. ಇಲ್ಲಿ ನಿಧಾನ ಮಾಡಿ. ಜನ ದೇವರ ಮೇಲೆ ದೂರು ಹೇಳುತ್ತಿದ್ದಾರೆ: ನಾವು ಉಪವಾಸ ಮಾಡಿದೆವು, ನೀನು ನೋಡಲೇ ಇಲ್ಲವಲ್ಲ. ಅದಕ್ಕೆ ಬರುವ ಉತ್ತರ ಕಟುವಾಗಿದೆ: ಉಪವಾಸದ ದಿನವೇ ನೀವು ನಿಮ್ಮ ವ್ಯವಹಾರ ನೋಡಿಕೊಳ್ಳುತ್ತೀರಿ, ನಿಮ್ಮ ಆಳುಗಳನ್ನು ಹಿಂಡುತ್ತೀರಿ. ಹಸಿದವರೊಂದಿಗೆ ರೊಟ್ಟಿ ಹಂಚಿಕೊಳ್ಳುವುದು, ನೆಲೆಯಿಲ್ಲದವರನ್ನು ಮನೆಗೆ ಕರೆಯುವುದು, ಬಟ್ಟೆಯಿಲ್ಲದವನಿಗೆ ಹೊದಿಸುವುದು, ನಾನು ಕೇಳಿದ ಉಪವಾಸ ಅದು. ಇದನ್ನು ಓದುವ ದಿನಗಳಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ಹಂಗಾಮು ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗುಗಳು ಹೊಲದ ಬದಿಯಲ್ಲಿ ಗುಡಿಸಲು ಹಾಕಿಕೊಂಡು, ಮಕ್ಕಳುಮರಿಗಳ ಸಮೇತ ಇರುತ್ತವೆ. ಪ್ರವಾದಿಯ ಮಾತಿಗೆ ನಾನು ಬೇರೆ ವ್ಯಾಖ್ಯಾನ ಬರೆಯಬೇಕಾಗಿಲ್ಲ.

ಈಗ ನಿಮ್ಮನ್ನು ಕಾಡಿದ ಯಾಜಕಕಾಂಡಕ್ಕೆ ಬರುತ್ತೇನೆ. ಮೊದಲನೆಯ ವಾರದ ಸೋಮವಾರ ಅದೇ ಪುಸ್ತಕದ 19ನೆಯ ಅಧ್ಯಾಯ ಬರುತ್ತದೆ. ಬಲಿಗಳ ವಿವರವೆಲ್ಲ ಬಿಟ್ಟು ಅದೊಂದೇ ಅಧ್ಯಾಯದ ಒಂದು ತುಣುಕು. ಕೂಲಿಯವನ ಕೂಲಿಯನ್ನು ಬೆಳಗಾಗುವವರೆಗೆ ನಿನ್ನ ಹತ್ತಿರ ಇಟ್ಟುಕೊಳ್ಳಬೇಡ. ಕಿವುಡನನ್ನು ಶಪಿಸಬೇಡ, ಕುರುಡನ ದಾರಿಯಲ್ಲಿ ಎಡವುಗಲ್ಲು ಇಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಅದೇ ದಿನದ ಶುಭಸಂದೇಶ ಮತ್ತಾಯನ 25ನೆಯ ಅಧ್ಯಾಯ: ಹಸಿದಿದ್ದೆ, ಊಟ ಕೊಟ್ಟಿರಿ, ಬಾಯಾರಿದ್ದೆ, ಕುಡಿಯಲು ಕೊಟ್ಟಿರಿ. ಎರಡನ್ನೂ ಒಟ್ಟಿಗೆ ಓದಿದಾಗ ಹಳೆಯ ಒಡಂಬಡಿಕೆಯ ದೇವರು ಬೇರೆ, ಹೊಸದರ ದೇವರು ಬೇರೆ ಎಂಬ ಮಾತು ಎಷ್ಟು ಟೊಳ್ಳೆಂದು ತಾನಾಗಿ ತಿಳಿಯುತ್ತದೆ. ಕೂಲಿಯ ಮಾತು ಶನಿವಾರ ಸಂಜೆ ಬಟವಾಡೆ ಮಾಡುವವರಿಗೆ ಮಾತ್ರ ಹೇಳಿದ್ದಲ್ಲ. ಪಾತ್ರೆ ತಿಕ್ಕುವವಳಿಗೆ ಒಂದನೇ ತಾರೀಕಿಗೆ ಕೊಡಬೇಕಾದದ್ದನ್ನು ಹತ್ತನೇ ತಾರೀಕಿಗೆ ಕೊಡುವ ನಮ್ಮೆಲ್ಲರಿಗೂ ಅದು ತಾಗುತ್ತದೆ.

ಹಾಗಾದರೆ ದಿನಕ್ಕೆ ಹತ್ತು ಹದಿನೈದು ವಚನಗಳು ಸಾಕೇ ಎಂದು ನೀವು ಕೇಳಬಹುದು. ಮತ್ತಾಯ ಇಲ್ಲವೇ ಲೂಕ ಬರುವ ವರ್ಷಗಳಲ್ಲಿ ಮೊದಲನೆಯ ರವಿವಾರದ ಶುಭಸಂದೇಶವನ್ನು ನೋಡಿ. ಅರಣ್ಯದಲ್ಲಿ ಸೈತಾನ ಯೇಸುವನ್ನು ಮೂರು ಸಲ ಪರೀಕ್ಷಿಸುತ್ತಾನೆ. ಮೂರಕ್ಕೂ ಯೇಸು ಪವಿತ್ರ ಗ್ರಂಥದಿಂದಲೇ ಉತ್ತರ ಕೊಡುತ್ತಾನೆ, ಮತ್ತು ಮೂರು ಉತ್ತರಗಳೂ ಧರ್ಮೋಪದೇಶಕಾಂಡದ ಆರು ಮತ್ತು ಎಂಟನೆಯ ಅಧ್ಯಾಯಗಳಿಂದ ಬಂದವು. ಇಡೀ ಗ್ರಂಥ ತೆರೆದಿದ್ದರೂ ಅವನಿಗೆ ಆ ಗಳಿಗೆಯಲ್ಲಿ ಒದಗಿದ್ದು ಅಕ್ಕಪಕ್ಕದ ಕೆಲವು ಪುಟಗಳು. ಸೈತಾನನಿಗೂ ಗ್ರಂಥ ಬಾಯಿಪಾಠವಿತ್ತು. ಅವನು 91ನೆಯ ಕೀರ್ತನೆಯನ್ನು ತಪ್ಪಿಲ್ಲದೆ ಹೇಳುತ್ತಾನೆ. ಎಷ್ಟು ಓದಿದೆ ಎಂಬ ಲೆಕ್ಕದಲ್ಲಿ ಅವನೂ ಪಾಸಾಗುತ್ತಿದ್ದ.

ಓದುವ ರೀತಿಯ ಬಗ್ಗೆ ನನ್ನ ಸಲಹೆ ಗಟ್ಟಿಯಾಗಿ ಓದಿ ಎಂಬುದು. ಶ್ರಾವಣದಲ್ಲಿ ನಮ್ಮ ಕಡೆಯ ಮಠಗಳಲ್ಲಿ ತಿಂಗಳು ಪೂರ್ತಿ ಪುರಾಣ ಹಚ್ಚುವುದನ್ನು ನೀವು ಕಂಡವರೇ. ಅಲ್ಲಿ ಒಬ್ಬರು ಪದ್ಯ ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಕೇಳಲು ಬಂದವರು ಇವತ್ತಿನದು ಇವತ್ತಿಗೆ ಎಂದು ಎದ್ದು ಹೋಗುತ್ತಾರೆ. ನಿನ್ನೆ ಬಾರದವನು ನಿನ್ನೆಯದನ್ನು ಮೊದಲು ಹೇಳಿ ಎಂದು ಹಠ ಹಿಡಿಯುವುದಿಲ್ಲ. ಮನೆಯ ಓದಿಗೂ ಇದೇ ಹದವಿರಲಿ. ಒಂದು ಸಲ ನೀವು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೊಮ್ಮೆ ಓದಿ. ಆಮೇಲೆ ಅತ್ತೆಯವರನ್ನು ಕೇಳಿ: ನಿಮಗೆ ಯಾವ ಮಾತು ಉಳಿಯಿತು? ಅವರು ಹೇಳಿದ್ದನ್ನು ತಿದ್ದಲು ಹೋಗಬೇಡಿ. ಅರ್ಥ ಬಿಡಿಸಿ ಹೇಳುವ ಆತುರವೂ ಬೇಡ. ಓದು ಬಾರದವರು ಕೇಳುವಾಗ ಕತೆಯ ಹುರಿಯನ್ನು ಬಿಡುವುದಿಲ್ಲ. ಓದು ಬಲ್ಲ ನಮಗೆ ಮುಂದಿನ ಸಾಲಿನ ಮೇಲೆಯೇ ಕಣ್ಣು.

ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಯೋಹಾನನ ನಾಲ್ಕನೆಯ ಅಧ್ಯಾಯ, ಸಮಾರಿಯದ ಸ್ತ್ರೀಯ ಪ್ರಸಂಗ ಓದುತ್ತಿದ್ದೆವು. ಮೂರು ವರ್ಷಗಳ ಸುತ್ತಿನಲ್ಲಿ ಮೊದಲನೆಯದಾದ ಎ ವರ್ಷದಲ್ಲಿ ಮೂರನೆಯ ರವಿವಾರಕ್ಕೆ ಬರುವ ವಾಚನ ಅದು. ಯೇಸು ದಣಿದು ಬಾವಿಯ ಬಳಿ ಕೂತಿದ್ದಾನೆ, ನಡುಮಧ್ಯಾಹ್ನ. ನೀರಿಗೆ ಬಂದ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳುತ್ತಾನೆ. ಮಾತಿಗೆ ಮಾತು ಬೆಳೆಯುತ್ತದೆ: ಜೀವಜಲ, ಐವರು ಗಂಡಂದಿರು, ಯಾವ ಬೆಟ್ಟದ ಮೇಲೆ ದೇವರನ್ನು ಪೂಜಿಸಬೇಕು ಎಂಬ ವಾದ. ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡುತ್ತಾಳೆ. ನಾನು ಜೀವಜಲದ ವಿವರಣೆಗೆ ಕೈಹಾಕುವಷ್ಟರಲ್ಲಿ ಹಿಂದೆ ಕೂತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ಕೇಳಿದರು: "ಹಾಗಾದರೆ ಅವನಿಗೆ ನೀರು ಸಿಕ್ಕಿತೋ ಇಲ್ಲವೋ?" ಪುಟ ತಿರುಗಿಸಿ ನೋಡಿ, ಯೋಹಾನ ಅದನ್ನು ಬರೆದೇ ಇಲ್ಲ. ಶಿಷ್ಯರು ತಂದ ಊಟವನ್ನೂ ಯೇಸು ಬೇಡವೆನ್ನುತ್ತಾನೆ. ಅದೇ ಯೋಹಾನನ ಶುಭಸಂದೇಶದಲ್ಲಿ ಯೇಸು ತನ್ನ ಬಾಯಾರಿಕೆಯ ಮಾತನ್ನು ಇನ್ನೊಮ್ಮೆ ಆಡುವುದು ಶಿಲುಬೆಯ ಮೇಲೆ, ಆಗ ಅವನ ತುಟಿಗೆ ಬರುವುದು ಹುಳಿ ದ್ರಾಕ್ಷಾರಸ. ಬೇಸಿಗೆಯಲ್ಲಿ ಕೊಡ ಹಿಡಿದು ದೂರ ನಡೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ವ್ಯಾಖ್ಯಾನದ ದಪ್ಪ ಪುಸ್ತಕಗಳನ್ನು ಓದುವ ನನ್ನಂಥವರು ಅದನ್ನು ಸಲೀಸಾಗಿ ದಾಟಿ ಹೋಗುತ್ತೇವೆ. ನಿಮ್ಮ ಅತ್ತೆಯವರು ಪಕ್ಕದಲ್ಲಿ ಕೂತಿದ್ದಾರೆಂದರೆ ನಿಮಗೊಬ್ಬ ವ್ಯಾಖ್ಯಾನಕಾರರು ಪುಕ್ಕಟೆ ಸಿಕ್ಕಿದ್ದಾರೆ ಎಂದುಕೊಳ್ಳಿ.

ಉಳಿದ ಒಂದು ಮಾತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದಿಡಿ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನಾಂಕ ಇವುಗಳ ಪಕ್ಕದಲ್ಲೇ ಇರಲಿ. ಡೈರಿ ಬೇಡ; ಡೈರಿ ಇಟ್ಟರೆ ಅದರಲ್ಲಿ ಚೆನ್ನಾಗಿ ಬರೆಯಬೇಕೆಂಬ ಹೊಸ ಹೊರೆ ಹುಟ್ಟುತ್ತದೆ.

ತಪ್ಪಿದ ದಿನದ ಬಾಕಿ ತೀರಿಸಬೇಡಿ. ಇವತ್ತಿನ ವಾಚನವನ್ನು ಇವತ್ತು ಓದಿ, ನಿನ್ನೆಯದು ಹೋಯಿತು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ತಂದದ್ದು ಆ 'ಬಾಕಿ' ಎಂಬ ಮಾತೇ. ಎರಡನೆಯ ವಾರದ ಶನಿವಾರ ಲೂಕನ 15ನೆಯ ಅಧ್ಯಾಯ ಬರುತ್ತದೆ. ಆಸ್ತಿ ಕರಗಿಸಿ ಮರಳಿ ಬಂದ ಕಿರಿಯ ಮಗನಿಗೆ ಅಪ್ಪ ಔತಣ ಮಾಡಿದ, ದುಂದುಗಾರ ಮಗನ ಕತೆ ಎಲ್ಲರಿಗೂ ಗೊತ್ತು. ಅದರಲ್ಲಿ ಹಿರಿಯ ಮಗನ ಮಾತನ್ನು ಮಾತ್ರ ಎತ್ತಿ ಓದಿ ನೋಡಿ. ಇಷ್ಟು ವರ್ಷ ನಿನ್ನ ಚಾಕರಿ ಮಾಡಿದೆ, ಒಂದು ಮಾತು ಮೀರಲಿಲ್ಲ, ಗೆಳೆಯರೊಂದಿಗೆ ಉಣ್ಣಲು ನನಗೆ ಒಂದು ಮೇಕೆಮರಿಯನ್ನಾದರೂ ಕೊಟ್ಟೆಯಾ ಎಂದು ಅವನು ಅಪ್ಪನ ಮುಂದೆ ಖಾತೆ ಪುಸ್ತಕ ಬಿಚ್ಚುತ್ತಾನೆ. ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ದೇವರಿಗೆ ಅಧ್ಯಾಯಗಳ ಕಂತು ಕಟ್ಟುವ ಭಕ್ತರೆಲ್ಲ ಆ ಅಂಗಳದಲ್ಲಿ ಅವನ ಜೊತೆ ನಿಂತವರೇ.

ಒಳಗೆ ಏನೂ ತಟ್ಟುವುದಿಲ್ಲ ಎಂದಿರಿ. ಬಹಳ ದಿನ ತಟ್ಟುವುದಿಲ್ಲ, ನಿಜ. ಓದಿದ ತಕ್ಷಣ ಕಣ್ಣು ತುಂಬಬೇಕೆಂಬ ನಿರೀಕ್ಷೆಯನ್ನು ನಮಗೆ ಅಂಟಿಸಿದ್ದು ಪ್ರಾರ್ಥನಾಕೂಟಗಳ ಮೈಕುಗಳು. ಓದಿನ ಪರಿಣಾಮವನ್ನು ಓದುವ ಹೊತ್ತಿನಲ್ಲಿ ಹುಡುಕಬೇಡಿ. ಯಾರಿಗೋ ಬಿರುಸಾಗಿ ಮಾತನಾಡಲು ಬಾಯಿ ತೆರೆದಾಗ ಬೆಳಗಿನ ಒಂದು ಸಾಲು ಅಡ್ಡ ಬಂದರೆ ಓದು ತನ್ನ ಕೆಲಸ ಮಾಡುತ್ತಿದೆ. ಅಡ್ಡ ಬಾರದ ದಿನಗಳೇ ಹೆಚ್ಚು. ಹಾಗೆಂದು ಆ ದಿನಗಳ ಓದು ವ್ಯರ್ಥವಾಗಲಿಲ್ಲ.

ಮಗಳ ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಲಿ ಬಿಡಿ. ಅವಳು ಹತ್ತನೆಯ ತರಗತಿಯವಳಾದರೆ ಮಾರ್ಚ್ ಎಂದರೆ ಪರೀಕ್ಷೆ, ಆಗ ಬೆಳಗಿನ ಐದು ನಿಮಿಷ ಕೂತರೂ ದೊಡ್ಡದು. ನೀವು ಕನ್ನಡದಲ್ಲಿ ಓದಿದ್ದನ್ನು ಅವಳು ಇಂಗ್ಲಿಷಿನಲ್ಲಿ ನೋಡಿಕೊಂಡು, ಎಲ್ಲಿ ಬೇರೆಯಾಗಿದೆ ಎಂದು ಹೇಳಲಿ. ಆ ಹೊತ್ತಿಗೆ ವಾಟ್ಸ್ಆ್ಯಪ್ ಸದ್ದು ಬಂದ್ ಇರಲಿ, ಅಷ್ಟೇ ಕರಾರು. ಸದ್ದಿನ ಮಾತು ಬಂತೆಂದು ಹೇಳುತ್ತೇನೆ: ಬಾಗಲಕೋಟೆಯ ಕಡೆ ತವರಿರುವ ನಿಮಗೆ ಹೋಳಿಯ ಹಲಗೆ ಗೊತ್ತೇ ಇದೆ. ಹೋಳಿ ಹುಣ್ಣಿಮೆ ತಪಸ್ಸು ಕಾಲದೊಳಗೇ ಬೀಳುತ್ತದೆ. 2024ರಲ್ಲಂತೂ ಮಾರ್ಚ್ 25ಕ್ಕೆ ಹೋಳಿ, 29ಕ್ಕೆ ಶುಭ ಶುಕ್ರವಾರ. ಬಣ್ಣದ ದಿನಗಳಲ್ಲಿ ತವರಿಗೆ ಹೋಗಿದ್ದರೆ ಬೀದಿಯ ಗದ್ದಲ ನಿಲ್ಲಲಿ ಎಂದು ಕಾಯಬೇಡಿ. ಹಲಗೆಯ ಸದ್ದಿನ ನಡುವೆಯೂ ಓದು ಸಾಗುತ್ತದೆ.

ಎರಡು ಸತ್ಯವೇದಗಳ ಗೊಂದಲ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಕಥೋಲಿಕರ ಗ್ರಂಥದಲ್ಲಿ 73 ಪುಸ್ತಕಗಳು, ತವರಿನದರಲ್ಲಿ 66. ತಪಸ್ಸು ಕಾಲದ ಹೆಚ್ಚಿನ ವಾಚನಗಳು ಎರಡರಲ್ಲೂ ಸಿಗುತ್ತವೆ, ಕೆಲವು ಹೆಸರುಗಳ ಕಾಗುಣಿತ ಬೇರೆ ಇರಬಹುದು. ಐದನೆಯ ವಾರದ ಸೋಮವಾರದಂಥ ಕೆಲವು ದಿನ ಮಾತ್ರ ಹುಡುಕಿ ಸುಸ್ತಾಗಬೇಡಿ. ಆ ಸೋಮವಾರದ ಮೊದಲ ವಾಚನ ದಾನಿಯೇಲನ 13ನೆಯ ಅಧ್ಯಾಯ, ಸುಸನ್ನಳ ಕತೆ. ತವರಿನ ಪ್ರತಿಯಲ್ಲಿ ದಾನಿಯೇಲನ ಗ್ರಂಥ 12ಕ್ಕೇ ಮುಗಿಯುತ್ತದೆ. ಗಂಡನ ಮನೆಯ ಪ್ರತಿಯನ್ನು ತೆರೆದು ಓದಿ, ಏಕೆಂದರೆ ಅದನ್ನು ಬಿಡಬಾರದು. ಇಬ್ಬರು ಹಿರಿಯರು ಸೇರಿ ನಿರಪರಾಧಿ ಹೆಣ್ಣಿನ ಮೇಲೆ ವ್ಯಭಿಚಾರದ ಆರೋಪ ಹೊರಿಸುತ್ತಾರೆ, ಚಿಕ್ಕ ಹುಡುಗನೊಬ್ಬ ಅವರನ್ನು ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಎಂದು ಕೇಳಿ ಸುಳ್ಳನ್ನು ಬಯಲಿಗೆಳೆಯುತ್ತಾನೆ. ಆ ದಿನ ಸಾಮಾನ್ಯವಾಗಿ ಅದಕ್ಕೆ ಜೊತೆಯಾಗಿ ಬರುವ ಶುಭಸಂದೇಶ, ಜನ ಕಲ್ಲು ಹಿಡಿದು ಎಳೆದು ತಂದ ಹೆಂಗಸಿನದು. ಒಬ್ಬಳು ತಪ್ಪು ಮಾಡಿಲ್ಲ, ಇನ್ನೊಬ್ಬಳು ಮಾಡಿದ್ದಾಳೆ. ಇಬ್ಬರ ಸುತ್ತ ನಿಂತವರು ಒಂದೇ ಬಗೆಯ ಗಂಡಸರು.

ಶುಭ ಶುಕ್ರವಾರದ ಜಗ್ಗಾಟಕ್ಕೆ ಬಂದರೆ, ಹೊತ್ತು ಹೊಂದಿದರೆ ಎರಡೂ ಕಡೆ ಹೋಗಿ ಎನ್ನುತ್ತೇನೆ. ಸಿಎಸ್‌ಐ ಮತ್ತು ಮೆಥೊಡಿಸ್ಟ್ ಸಭೆಗಳಲ್ಲಿ ಶಿಲುಬೆಯ ಮೇಲಿನ ಏಳು ಮಾತುಗಳ ಆರಾಧನೆ ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಡೆಯುತ್ತದೆ. ಆ ಏಳರಲ್ಲಿ ಮೂರು ಲೂಕನವು, ಮೂರು ಯೋಹಾನನವು, ಒಂದು ಮತ್ತಾಯ ಮತ್ತು ಮಾರ್ಕ ಇಬ್ಬರಲ್ಲೂ ಇದೆ. ಹೀಗೆ ನಾಲ್ವರನ್ನೂ ಒಂದೇ ಕಡೆ ಕೇಳಿದಂತಾಗುತ್ತದೆ. ಕಥೋಲಿಕ ಚರ್ಚಿನಲ್ಲಿ ಅಂದು ಪೂಜೆ ಇರುವುದಿಲ್ಲ. ಮಧ್ಯಾಹ್ನದ ಮೇಲಿನ ಆರಾಧನೆಯಲ್ಲಿ ಯೋಹಾನನ 18 ಮತ್ತು 19ನೆಯ ಅಧ್ಯಾಯಗಳನ್ನು ಬಂಧನದಿಂದ ಸಮಾಧಿಯವರೆಗೆ ಪೂರ್ತಿ ಓದುತ್ತಾರೆ, ಅನೇಕ ಕಡೆ ಪಾತ್ರಗಳನ್ನು ಹಂಚಿಕೊಂಡು. ಮನೆಯಲ್ಲಿ ಅಂದು ಬೇರೆ ವಾಚನ ಇಟ್ಟುಕೊಳ್ಳಬೇಡಿ. ಹಿಂದಿನ ಕೆಲವು ದಿನಗಳಲ್ಲಿ ಒಂದು ಸಂಜೆ ಮಾರ್ಕನ 14 ಮತ್ತು 15ನೆಯ ಅಧ್ಯಾಯಗಳನ್ನು ಒಂದೇ ಬಾರಿಗೆ ಕೂತು ಮೂವರೂ ಸರದಿಯಲ್ಲಿ ಓದಿ ಕೇಳಿಸಿಕೊಂಡಿದ್ದರೆ, ಯೋಹಾನ ಎಲ್ಲಿ ಬೇರೆ ದಾರಿ ಹಿಡಿಯುತ್ತಾನೆಂಬುದು ಚರ್ಚಿನಲ್ಲಿ ನಿಂತಲ್ಲೇ ತಿಳಿಯುತ್ತದೆ. ವಾಚನ ನಡೆಯುವಷ್ಟು ಹೊತ್ತು ಎಲ್ಲರೂ ನಿಂತಿರುತ್ತಾರೆ, ಅದು ಸಾಕಷ್ಟು ಉದ್ದವೂ ಹೌದು. ಅತ್ತೆಯವರಿಗೆ ಮುಂದಿನ ಸಾಲಿನ ಬದಿಯಲ್ಲಿ ಒಂದು ಕುರ್ಚಿ ಹಾಕಿಸಿಕೊಡಿ.